ನಮ್ಮೂರ ವೀರಗಲ್ಲಿಗೆ ಅನುದಾನ: ಅರ್ಜಿಯಿಂದ ಲೆಕ್ಕದವರೆಗೆ

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಾವಿರ ವರ್ಷಕ್ಕೂ ಹಿಂದೆ ಒಂದು ನಾಯಿಗೆ ಕಲ್ಲು ನೆಟ್ಟರು. ನಾಯಿಯ ಹೆಸರು ಕಾಳಿ. ಕಾಲ ಸುಮಾರು ಕ್ರಿ.ಶ. 949–50. ಚೋಳರ ಮೇಲಿನ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರ ಎಂಬ ವೀರನಿಗೆ ಅವನ ಒಡೆಯ ‘ಮೆಚ್ಚಿದೆ, ಬೇಡಿಕೋ’ ಅಂದಾಗ ಅವನು ಬೇಡಿದ್ದು ಈ ನಾಯಿಯನ್ನು. ಆಮೇಲೆ ಕಾಳಿ ಒಂದು ದೊಡ್ಡ ಹಂದಿಯ ಜೊತೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತಿತು. ಅದರ ನೆನಪಿಗೆ ದೇವಸ್ಥಾನದ ಮುಂದೆ ಕಲ್ಲು ನಿಂತಿತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಈ ಕಥೆ ತುಂಬ ಜನಕ್ಕೆ ಗೊತ್ತು. ಅದರ ಕೊನೆಯ ಭಾಗ ಮಾತ್ರ ಯಾರೂ ಹೇಳುವುದಿಲ್ಲ. ಕಲ್ಲು ನೆಟ್ಟವರು ಅಷ್ಟಕ್ಕೇ ಬಿಡಲಿಲ್ಲ. ಕಲ್ಲನ್ನು ನೋಡಿಕೊಳ್ಳಲು ಕೆರೆಯ ಕೆಳಗೆ ಭೂಮಿ ಬಿಟ್ಟರು. ಕಲ್ಲಿಗೆ ಪೂಜೆ ಮಾಡದೆ ಉಂಡ ಗೊರವನಿಗೆ (ಶಿವನ ಪೂಜಾರಿಗೆ) ಪಾಪ ತಟ್ಟುತ್ತದೆ ಎಂದೂ ಬರೆಸಿದರು. ಕೆಲಸ, ಅದನ್ನು ನಡೆಸಿಕೊಂಡು ಹೋಗಲು ದುಡ್ಡು, ದುಡ್ಡಿಗೆ ಒಂದು ಷರತ್ತು. ಮೂರೂ ಒಂದೇ ಕಲ್ಲಿನ ಮೇಲೆ! ಇವತ್ತು ನಾವು ಕೊಡುವ ಅರ್ಜಿಗಳಲ್ಲಿ ಮೊದಲನೆಯದು ಮಾತ್ರ ಇರುತ್ತದೆ. ಅದಕ್ಕೇ ಅವು ಕಡತದಲ್ಲೇ ಮಲಗುತ್ತವೆ.

ನಾನು ಅದೇ ಮದ್ದೂರು ಕಡೆಯ ಒಂದು ಸಣ್ಣ ಸಂಘದ ಖಜಾಂಚಿ. ನಮ್ಮ ಮೊದಲ ಅರ್ಜಿಯಲ್ಲಿ ಪ್ರತಿಮೆ, ಭವನ, ಊರ ಬಾಗಿಲಿಗೆ ಕಮಾನು ಎಲ್ಲಾ ಇತ್ತು. ಕೇಳಿದ್ದು 25 ಲಕ್ಷ. ಒಂದು ಕಚೇರಿಯಲ್ಲಿ ಸ್ವೀಕೃತಿ ಮುದ್ರೆ ಬಿತ್ತು, ಅಷ್ಟೆ. ಎರಡು ವರ್ಷ ಓಡಾಡಿದ ಮೇಲೆ ಅಲ್ಲಿನ ಒಬ್ಬರು ಹೇಳಿದರು: ‘ಸ್ವಾಮಿ, ಇದನ್ನ ಯಾವ ಲೆಕ್ಕದ ತಲೆಗೆ ಹಾಕೋದು?’ ಅಂದರೆ ಸರ್ಕಾರದ ಬಜೆಟ್‌ನ ಯಾವ ಬಾಬ್ತಿನಿಂದ ದುಡ್ಡು ಕೊಡುವುದು ಅಂತ. ಆ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಅರ್ಜಿಯಲ್ಲಿ ಮೂರು ವೀರಗಲ್ಲು, ಒಂದು ಕಿರುಪುಸ್ತಕ, ಒಂದು ದಿನದ ಕಾರ್ಯಕ್ರಮ ಇಷ್ಟೇ ಇಟ್ಟೆವು. ಅದು ನಡೆಯಿತು. ನಡೆದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು: ಒಂದೇ ವಾಕ್ಯ

ಏನು ಮಾಡುತ್ತೀರಿ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ‘ನಮ್ಮ ಊರಿನ ಭವ್ಯ ಇತಿಹಾಸವನ್ನು ಉಳಿಸಿ ಬೆಳೆಸುವುದು’ ಅಂದರೆ ಏನೂ ಹೇಳಿದ ಹಾಗಾಗಲಿಲ್ಲ. ‘ಅರಳಿಕಟ್ಟೆಯ ಪಕ್ಕದ ಮೂರು ವೀರಗಲ್ಲುಗಳ ಶಾಸನ ಓದಿಸಿ, 48 ಪುಟದ ಪುಸ್ತಕ ಮಾಡಿ, ಊರ ಶಾಲೆಯಲ್ಲಿ ಬಿಡುಗಡೆ ಮಾಡುವುದು’ ಅಂದರೆ ಕೇಸ್ ವರ್ಕರ್‌ಗೂ ಅರ್ಥವಾಗುತ್ತದೆ.

ಪ್ರತಿಮೆಯ ಆಸೆ ಇದ್ದರೆ ಇಲ್ಲೇ ಯೋಚಿಸಿ. ಸಾರ್ವಜನಿಕ ರಸ್ತೆ, ಫುಟ್‌ಪಾತ್‌ನಂಥ ಜಾಗಗಳಲ್ಲಿ ಪ್ರತಿಮೆ ಇಡಲು ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲಿ ಆದೇಶ ಮಾಡಿದೆ. ಸರ್ಕಲ್‌ನಲ್ಲಿ ಪ್ರತಿಮೆ ಅಂತ ಬರೆದರೆ ಅರ್ಜಿ ಅಲ್ಲೇ ನಿಂತಿತು ಅಂದುಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಪ್ರತಿಮೆಗಿಂತ ಪುಸ್ತಕ ಅಗ್ಗ, ಜಗಳವೂ ಕಡಿಮೆ. ಪ್ರತಿಮೆ ಯಾವ ದಿಕ್ಕಿಗೆ ಮುಖ ಮಾಡಬೇಕು ಅಂತ ನಮ್ಮಲ್ಲಿ ಮೂರು ಸಭೆ ನಡೆದಿತ್ತು, ದುಡ್ಡು ಬರುವ ಮೊದಲೇ.

ಸಾಕ್ಷಿ ಹುಡುಕುವುದು

ಇಲ್ಲಿ ಮಂಡ್ಯ, ಮೈಸೂರಿನವರು ನಿಜಕ್ಕೂ ಪುಣ್ಯವಂತರು. ಶಾಸನದ ವಿಷಯಕ್ಕೆ ಬೇಕಾದ ಕಚೇರಿಗಳೆಲ್ಲ ಮೈಸೂರಿನಲ್ಲೇ ಇವೆ. ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಮುಖ್ಯ ಕಚೇರಿ ಇಲ್ಲೇ. ಕೇಂದ್ರದ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿಯೂ ಇಲ್ಲೇ. ಮಾನಸಗಂಗೋತ್ರಿಯಲ್ಲಿ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಇದೆ.

ಮೊದಲು ಶಾಸನಗಳ ಸಂಪುಟಮಾಲೆ ‘ಎಪಿಗ್ರಾಫಿಯಾ ಕರ್ನಾಟಿಕಾ’ ನೋಡಿ. ಬಿ.ಎಲ್. ರೈಸ್ ಅವರು ಮೈಸೂರು ಜಿಲ್ಲೆಯ ಶಾಸನಗಳ ಸಂಪುಟಗಳನ್ನು ತಂದದ್ದು 1890ರ ದಶಕದಲ್ಲಿ. ಆಗ ಮಂಡ್ಯ ಜಿಲ್ಲೆ ಇರಲೇ ಇಲ್ಲ, ಅದು ಬೇರೆಯಾದದ್ದು 1939ರಲ್ಲಿ. ಹಾಗಾಗಿ ಹಳೆಯ ಸಂಪುಟದಲ್ಲಿ ನಿಮ್ಮೂರನ್ನು ಮೈಸೂರು ಜಿಲ್ಲೆಯ ಕೆಳಗೆ ಹುಡುಕಬೇಕು. ಮೈಸೂರು ವಿಶ್ವವಿದ್ಯಾನಿಲಯ ತಂದ ಪರಿಷ್ಕೃತ ಆವೃತ್ತಿಯಲ್ಲಿ 6ನೇ ಸಂಪುಟ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಕ್ಕೆ. 7ನೇ ಸಂಪುಟ ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿಗೆ. ಊರಿನ ಹೆಸರು, ಶಾಸನದ ನಂಬರು ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿದ ಹಾಗೆ. ಆ ಪುಟದ ಜೆರಾಕ್ಸ್ ಅರ್ಜಿಯ ಜೊತೆ ಇರಲಿ. ಹಳೇ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳಲ್ಲೂ ಒಮ್ಮೆ ಕಣ್ಣಾಡಿಸಿ.

ಪುಸ್ತಕದಲ್ಲಿ ಇಲ್ಲದಿದ್ದರೆ ಬೇಜಾರು ಬೇಡ. ಅದು ಇನ್ನೂ ಒಳ್ಳೆಯದು, ‘ಇದುವರೆಗೆ ಪ್ರಕಟವಾಗದ ಶಾಸನ’ ಅಂತ ಬರೆಯಬಹುದು. ಆದರೆ ತಿಳಿದವರಿಂದ ಓದಿಸದೆ ಹಾಗೆ ಬರೆಯಬೇಡಿ. ಫೋಟೋ ತೆಗೆಯುವುದು ಬೆಳಗ್ಗೆ ಅಥವಾ ಸಂಜೆ, ಬೆಳಕು ಓರೆಯಾಗಿ ಬೀಳುವಾಗ. ನಡು ಮಧ್ಯಾಹ್ನ ಅಕ್ಷರ ಕಾಣುವುದಿಲ್ಲ. ಕಲ್ಲಿನ ಪಕ್ಕ ಒಂದು ಅಳತೆಪಟ್ಟಿ ಇಡಿ.

ಒಂದು ಎಚ್ಚರಿಕೆ. ಕಲ್ಲನ್ನು ‘ಚೆಂದ’ ಮಾಡಲು ಹೋಗಬೇಡಿ. ಬಣ್ಣ ಬಳಿಯುವುದು, ಎಣ್ಣೆ ಹಚ್ಚುವುದು, ಆಸಿಡ್ ಹಾಕಿ ತಿಕ್ಕುವುದು, ಸುತ್ತ ಸಿಮೆಂಟ್ ಹಾಕಿ ಅರ್ಧ ಅಕ್ಷರ ಮುಚ್ಚುವುದು, ಎಲ್ಲವನ್ನೂ ನಾನು ನೋಡಿದ್ದೇನೆ. ನೀರು, ಮೆತ್ತನೆ ಬ್ರಷ್ ಸಾಕು. ಇದ್ದ ಜಾಗದಿಂದ ಎತ್ತಲೂಬೇಡಿ. ನೂರು ವರ್ಷ ದಾಟಿದ ಶಿಲ್ಪ, ಶಾಸನ 1972ರ ಕಾಯ್ದೆಯ ಪ್ರಕಾರ ಪುರಾವಸ್ತು. ಕಲ್ಲು ನಿಂತ ಜಾಗವೇ ಅರ್ಧ ಕಥೆ ಹೇಳುತ್ತದೆ, ಅಲ್ವಾ?

ಇತ್ತೀಚಿನ ಇತಿಹಾಸವಾದರೆ ಸಾಕ್ಷಿ ಬೇರೆ ಥರ. ಮದ್ದೂರಿನ ಪಕ್ಕದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದದ್ದು 1938ರ ಏಪ್ರಿಲ್‌ನಲ್ಲಿ. ಅಂದು ಹತ್ತು ವರ್ಷದ ಹುಡುಗರಾಗಿದ್ದವರಿಗೆ ಈಗ ನೂರರ ಹತ್ತಿರ. 2038ಕ್ಕೆ ಶತಮಾನ ಬರುತ್ತದೆ, ಆದರೆ ಅಷ್ಟರವರೆಗೆ ಕಾದರೆ ಯಾರ ಬಾಯಿಂದ ಕೇಳುವುದು? ಕನ್ನಂಬಾಡಿ ಅಣೆಕಟ್ಟೆ ಕಟ್ಟಿದ ಕಾಲ, ವಿಶ್ವೇಶ್ವರಯ್ಯ ನಾಲೆಯಲ್ಲಿ ಮೊದಲು ನೀರು ಬಂದ ಕಾಲ, 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಂಪನಿ, ಇವನ್ನೆಲ್ಲ ತಾತ, ಅಜ್ಜಿಯರಿಂದ ಕೇಳಿಸಿಕೊಂಡವರು ಇನ್ನೂ ಇದ್ದಾರೆ. ಅವರ ಮಾತನ್ನು ಮೊಬೈಲ್‌ನಲ್ಲೇ ರೆಕಾರ್ಡ್ ಮಾಡಿ. ಹೆಸರು, ದಿನಾಂಕ, ‘ಬಳಸಲು ಒಪ್ಪಿಗೆ ಇದೆ’ ಎಂಬ ಸಹಿ ಇರಲಿ. ಹತ್ತು ರೆಕಾರ್ಡಿಂಗ್ ಮೊದಲೇ ಕೈಯಲ್ಲಿದ್ದರೆ ‘ಇವರು ಕೆಲಸ ಶುರು ಮಾಡಿದ್ದಾರೆ’ ಅಂತ ಕೊಡುವವರಿಗೆ ಗೊತ್ತಾಗುತ್ತದೆ.

ಜಾಗ ಯಾರದ್ದು?

ಇದನ್ನು ಬಿಟ್ಟು ಮುಂದೆ ಹೋದರೆ ಬಂದ ದುಡ್ಡೂ ವಾಪಸ್ ಹೋಗುತ್ತದೆ. ಪಹಣಿ ತೆಗೆಸಿ. ಗ್ರಾಮಠಾಣೆಯೋ, ಗೋಮಾಳವೋ, ಮುಜರಾಯಿ ದೇವಸ್ಥಾನದ್ದೋ, ಒಬ್ಬರ ಹೊಲವೋ ನೋಡಿ. ಹೊಲದಲ್ಲಿದ್ದರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಬೇಕು. ‘ಅಣ್ಣ ಮಾಡ್ಕೊಳಿ ಅಂದವ್ರೆ’ ಅಂದರೆ ನಡೆಯುವುದಿಲ್ಲ. ಅಣ್ಣನ ಮಕ್ಕಳು ನಾಳೆ ಬೇರೆ ಹೇಳಬಹುದು. ಪಂಚಾಯಿತಿ ಜಾಗವಾದರೆ ಗ್ರಾಮ ಪಂಚಾಯಿತಿಯ ನಿರ್ಣಯದ ಪ್ರತಿ, ಪಿಡಿಒ ಸಹಿ, ಮುದ್ರೆ.

ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಇದ್ದರೆ ಅದರ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸದಾಗಿ ಏನೂ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕು. ಶ್ರೀರಂಗಪಟ್ಟಣದವರಿಗೆ ಇದು ದಿನನಿತ್ಯದ ಮಾತು. ರಾಜ್ಯದ ಪಟ್ಟಿಯಲ್ಲಿರುವ ಸ್ಮಾರಕಗಳಿಗೆ 1961ರ ರಾಜ್ಯ ಕಾಯ್ದೆ ಇದೆ. ಮೈಸೂರಿನ ಕಚೇರಿಗೆ ಒಂದು ಪತ್ರ ಬರೆದು ‘ಇದು ನಿಮ್ಮ ಪಟ್ಟಿಯಲ್ಲಿದೆಯೇ’ ಅಂತ ಕೇಳಿ, ಉತ್ತರವನ್ನು ಫೈಲಿಗೆ ಹಾಕಿ.

ಸಂಘದ ಕಾಗದಪತ್ರ

ದುಡ್ಡು ಬರುವುದು ಸಂಘದ ಖಾತೆಗೆ, ಕಾರ್ಯದರ್ಶಿಯ ಖಾತೆಗಲ್ಲ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಅಡಿಯಲ್ಲಿ ಕನಿಷ್ಠ ಏಳು ಜನ ಸೇರಿ ನೋಂದಾಯಿಸಬಹುದು. ನೋಂದಾಯಿಸುವುದು ಸುಲಭ, ಜೀವಂತ ಇಡುವುದು ಕಷ್ಟ. ಪ್ರತಿ ವರ್ಷ ಸರ್ವಸದಸ್ಯರ ಸಭೆ, ಪದಾಧಿಕಾರಿಗಳ ಪಟ್ಟಿ, ಆಡಿಟ್ ಆದ ಲೆಕ್ಕ ನೋಂದಣಾಧಿಕಾರಿಗೆ ಸಲ್ಲಬೇಕು. ನಮ್ಮ ಭಾಗದಲ್ಲಿ ಅರ್ಧದಷ್ಟು ಯುವಕ ಸಂಘಗಳು ಗಣೇಶನ ಹಬ್ಬಕ್ಕೆ ಮಾತ್ರ ಏಳುತ್ತವೆ. ಅಂಥ ಸಂಘದ ಹೆಸರಲ್ಲಿ ಅರ್ಜಿ ಹಾಕಬೇಕಾದರೆ ಮೊದಲು ಹಳೇ ಬಾಕಿ ತೀರಿಸಿ.

ಬೈಲಾ ತೆಗೆದು ಉದ್ದೇಶಗಳ ಪುಟ ಓದಿ. ಕಲೆ, ಸಂಸ್ಕೃತಿ, ಇತಿಹಾಸ ಎಂಬ ಪದಗಳಿವೆಯೇ? ಬರೀ ‘ಕ್ರೀಡೆ ಮತ್ತು ಸಮಾಜಸೇವೆ’ ಇದ್ದರೆ ತಿದ್ದುಪಡಿ ಮಾಡಿಸಿ. ಜೊತೆಗೆ ಪಾನ್ ಕಾರ್ಡ್, ಇಬ್ಬರು ಸೇರಿ ಸಹಿ ಮಾಡುವ ಬ್ಯಾಂಕ್ ಖಾತೆ, ಮೂರು ವರ್ಷದ ಆಡಿಟ್ ವರದಿ, ಹಿಂದೆ ಮಾಡಿದ ಕಾರ್ಯಕ್ರಮಗಳ ಕರಪತ್ರ, ಫೋಟೋ, ಪತ್ರಿಕೆಯ ತುಣುಕು. ಕೇಂದ್ರದ ದುಡ್ಡಿಗೆ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲಿ ಸಂಘವನ್ನು ನೋಂದಾಯಿಸಿದ ನಂಬರು ಬೇಕು. ಕಂಪನಿಗಳ ದುಡ್ಡಿಗೆ ಆದಾಯ ತೆರಿಗೆ ವಿನಾಯಿತಿಗೆ 12ಎ, 80ಜಿ ಅಂತ ಕರೆಯುವ ನೋಂದಣಿ, ಅದರ ಮೇಲೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗೆ ಸಂಬಂಧಿಸಿದ ಸಿಎಸ್‌ಆರ್–1 ಫಾರಂ ಬೇಕು.

ಅಮೆರಿಕದಲ್ಲಿರುವ ಊರ ಹುಡುಗ ಡಾಲರ್ ಕಳಿಸುತ್ತೇನೆ ಅಂದನೋ, ಸ್ವಲ್ಪ ತಡೆಯಿರಿ. ಅವನು ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದೆ ಮುಟ್ಟಬಾರದು.

ಯಾವ ಬಾಗಿಲು ತಟ್ಟುವುದು

ಒಂದೇ ಬಾಗಿಲಲ್ಲಿ ಎಲ್ಲವೂ ಸಿಗುವುದಿಲ್ಲ. ಕೆಲಸವನ್ನು ಹೋಳು ಮಾಡಿ, ಪ್ರತಿ ಹೋಳಿಗೂ ಸರಿಯಾದ ಬಾಗಿಲು ಹುಡುಕಬೇಕು. ನಮ್ಮ ಎರಡನೇ ಅರ್ಜಿ ಗೆದ್ದದ್ದು ಇದರಿಂದಲೇ.

ಹತ್ತಿರದ ಬಾಗಿಲು ಕನ್ನಡ ಮತ್ತು ಸಂಸ್ಕೃತಿ ಇಲಾಖೆ. ಸಂಘ ಸಂಸ್ಥೆಗಳ ಕಾರ್ಯಕ್ರಮಕ್ಕೆ ಧನಸಹಾಯ, ಕಲಾತಂಡಗಳಿಗೆ ವಾದ್ಯಪರಿಕರ ಮತ್ತು ವೇಷಭೂಷಣ ಕೊಳ್ಳಲು ನೆರವು ಇಲ್ಲಿ ಸಿಗುತ್ತದೆ. ಅರ್ಜಿ ಕರೆದಾಗ ಸರ್ಕಾರದ ಸೇವಾ ಸಿಂಧು ಜಾಲತಾಣದ ಮೂಲಕ ಹಾಕಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಬೇರೆ ಲೆಕ್ಕದ ತಲೆ ಇರುತ್ತದೆ. ಮೈಸೂರಿನವರು ಕಲಾಮಂದಿರದಲ್ಲಿರುವ ಕಚೇರಿಗೆ ಹೋಗಿ ಬಂದರೆ ಒಳ್ಳೆಯದು. ಸೋಮನ ಕುಣಿತ, ಪೂಜಾ ಕುಣಿತ, ತಮಟೆ, ನೀಲಗಾರರ ಮಂಟೇಸ್ವಾಮಿ ಹಾಡಿಕೆ ನಿಮ್ಮ ಕಾರ್ಯಕ್ರಮದಲ್ಲಿದ್ದರೆ ಜಾನಪದ ಅಕಾಡೆಮಿಯನ್ನೂ ಕೇಳಿ. ಹೊಸ ಬರಹಗಾರರ ಮೊದಲ ಪುಸ್ತಕವಾದರೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನ ಇದೆ.

ಕೇಂದ್ರ ಸಂಸ್ಕೃತಿ ಸಚಿವಾಲಯದಲ್ಲಿ ಕಲಾ ಸಂಸ್ಕೃತಿ ವಿಕಾಸ ಯೋಜನೆ ಇದೆ. ಅದರೊಳಗಿನ ಕಲ್ಚರಲ್ ಫಂಕ್ಷನ್ ಅಂಡ್ ಪ್ರೊಡಕ್ಷನ್ ಗ್ರಾಂಟ್ ನಮ್ಮಂಥವರಿಗೆ ಹೊಂದುತ್ತದೆ. ವಿಚಾರ ಸಂಕಿರಣ, ಸಂಶೋಧನೆ, ಕಾರ್ಯಾಗಾರ, ಉತ್ಸವ, ಪ್ರದರ್ಶನ, ನಾಟಕಕ್ಕೆ ಕೊಡುತ್ತಾರೆ. ಕಟ್ಟೆ ಕಟ್ಟಲು ಕೊಡುವುದಿಲ್ಲ. ಸಂಘಕ್ಕೆ ಮೂರು ವರ್ಷ ತುಂಬಿರಬೇಕು. ಸಾಮಾನ್ಯವಾಗಿ 5 ಲಕ್ಷದ ಮಿತಿ, ಅದೂ ಒಟ್ಟು ಖರ್ಚಿನ ಶೇ 75ರವರೆಗೆ. ಒಬ್ಬರೇ ಕೆಲಸ ಮಾಡುವವರಿಗೆ ಇದೇ ಸಚಿವಾಲಯದ ಜೂನಿಯರ್, ಸೀನಿಯರ್ ಫೆಲೋಶಿಪ್ ಇವೆ. ತಿಂಗಳಿಗೆ 10 ಸಾವಿರ ಮತ್ತು 20 ಸಾವಿರ, ಎರಡು ವರ್ಷ.

ಇತಿಹಾಸದ ಮೇಷ್ಟ್ರು ಜೊತೆಗಿದ್ದರೆ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತಿನ ಬೆಂಗಳೂರು ಕೇಂದ್ರವನ್ನು ವಿಚಾರಿಸಿ. ಬೆಂಗಳೂರಿನಲ್ಲೇ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲೆಯ ಸಂಶೋಧನೆಗೆ ಅನುದಾನ ಕೊಡುತ್ತದೆ. ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಇಂಗ್ಲಿಷ್ ಬರುವ ಹುಡುಗನನ್ನು ಹುಡುಕಿಕೊಂಡು ಅಲೆಯುವ ಕೆಲಸ ಉಳಿಯುತ್ತದೆ.

ಹಳೇ ದೇವಸ್ಥಾನ ಬೀಳುವ ಸ್ಥಿತಿಯಲ್ಲಿದ್ದರೆ ಧರ್ಮಸ್ಥಳದ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟ್ ಜೀರ್ಣೋದ್ಧಾರ ಮಾಡಿಸುತ್ತದೆ. ಊರಿನವರ ಪಾಲೂ ಇರಬೇಕು.

ಕಂಪನಿಗಳ ಸಿಎಸ್‌ಆರ್ ದುಡ್ಡಿನ ಬಗ್ಗೆ ಎಲ್ಲರಿಗೂ ದೊಡ್ಡ ಆಸೆ. 2013ರ ಕಂಪನಿ ಕಾಯ್ದೆಯ 7ನೇ ಷೆಡ್ಯೂಲಿನಲ್ಲಿ ಪರಂಪರೆ, ಕಲೆ, ಐತಿಹಾಸಿಕ ಕಟ್ಟಡಗಳ ದುರಸ್ತಿ, ಗ್ರಂಥಾಲಯ ಇವೆ. ಅಂದರೆ ಕಾನೂನಿನ ಅಡ್ಡಿ ಇಲ್ಲ. ಆದರೆ ಶಾಲೆ, ಆಸ್ಪತ್ರೆ, ಕುಡಿಯುವ ನೀರಿನ ಸಾಲಿನಲ್ಲಿ ನಾವು ಹಿಂದೆ ನಿಲ್ಲುತ್ತೇವೆ. ನಂಜನಗೂಡು, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಪಕ್ಕದ ಊರಾದರೆ ಪ್ರಯತ್ನ ಮಾಡಿ. ನಮ್ಮಂಥ ಕಬ್ಬಿನ ಊರಿನವರು ಅದರ ಹಿಂದೆ ಜಾಸ್ತಿ ದಿನ ಕಳೆಯಬೇಡಿ.

ನನಗೆ ತುಂಬ ಇಷ್ಟವಾದ ದಾರಿ ದತ್ತಿ. ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಒಂದು ಮೊತ್ತ ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಉಪನ್ಯಾಸ ನಡೆಸುವ ಪದ್ಧತಿ. ಆತಕೂರಿನ ಕೆರೆಯ ಕೆಳಗಿನ ಭೂಮಿಯ ಥರವೇ ಇದು. ಅಸಲು ಮುಟ್ಟುವ ಹಾಗಿಲ್ಲ.

ಬಜೆಟ್ ಬರೆಯುವಾಗ

ಎಲ್ಲರೂ ಎಡವುವುದು ಇಲ್ಲೇ. ಒಂದು ಲೆಕ್ಕ ಹಾಕೋಣ. ನಿಮ್ಮ ಒಟ್ಟು ಖರ್ಚು 2 ಲಕ್ಷ. ಮೇಲೆ ಹೇಳಿದ ಕೇಂದ್ರದ ಯೋಜನೆಯಲ್ಲಿ ಶೇ 75 ಅಂದರೆ ಹೆಚ್ಚೆಂದರೆ 1,50,000. ಅದೂ ಒಟ್ಟಿಗೆ ಬರುವುದಿಲ್ಲ. ಮೊದಲ ಕಂತು ಅದರ ಶೇ 75, ಅಂದರೆ 1,12,500. ಉಳಿದ 37,500 ಬರುವುದು ಕೆಲಸ ಮುಗಿದು ಲೆಕ್ಕ ಕೊಟ್ಟ ಮೇಲೆ. ಹಾಗಾದರೆ ಕಾರ್ಯಕ್ರಮ ಮುಗಿಯುವ ಹೊತ್ತಿಗೆ ನಿಮ್ಮ ಕೈಯಿಂದ ಹೊರಡಬೇಕಾದದ್ದು 87,500. ಈ ದುಡ್ಡು ಎಲ್ಲಿಂದ? ಇದಕ್ಕೆ ಉತ್ತರ ಇಲ್ಲದೆ ಅರ್ಜಿ ಹಾಕಿದ ಸಂಘಗಳಲ್ಲಿ ಕೊನೆಗೆ ಶಾಮಿಯಾನದವನು ಕಾರ್ಯದರ್ಶಿಯ ಮನೆ ಮುಂದೆ ಕೂರುತ್ತಾನೆ.

ಪ್ರತಿ ಸಾಲಿಗೂ ಕೊಟೇಷನ್ ಇರಲಿ: ಮುದ್ರಣ, ಮೈಕ್ ಸೆಟ್, ಶಾಮಿಯಾನ, ಊಟ, ಕಲಾವಿದರ ಸಂಭಾವನೆ, ಪ್ರಯಾಣ, ಫಲಕ. ‘ಇತರೆ’ ಅಂತ ದೊಡ್ಡ ಮೊತ್ತ ಬರೆಯಬೇಡಿ. ಹಾರ, ಶಾಲು, ನೆನಪಿನ ಕಾಣಿಕೆಗೆ ಕಡಿಮೆ ಇಡಿ. ಸನ್ಮಾನದ ಖರ್ಚು ಪುಸ್ತಕದ ಖರ್ಚಿಗಿಂತ ಜಾಸ್ತಿ ಇದ್ದ ಒಂದು ಅರ್ಜಿ ನೋಡಿದ್ದೇನೆ. ನಮ್ಮದೇ, ಮೊದಲನೆಯದು. ಕಡೆಯಲ್ಲಿ ನಿರ್ವಹಣೆಯ ಸಾಲು: ಫಲಕವನ್ನು ಮುಂದೆ ಯಾರು ತೊಳೆಯುತ್ತಾರೆ, ಮುರಿದರೆ ಯಾರು ಸರಿ ಮಾಡುತ್ತಾರೆ. ನಾವು ಊರ ಶಾಲೆಯ ಜೊತೆ ಒಂದು ಪುಟದ ಒಪ್ಪಂದ ಮಾಡಿಕೊಂಡು ಅದನ್ನೇ ಲಗತ್ತಿಸಿದೆವು.

ಬೇರೆ ಬೇರೆ ಕಡೆ ಕೇಳಿದರೆ ಅದನ್ನು ಮುಚ್ಚಿಡಬೇಡಿ. ‘ಪುಸ್ತಕಕ್ಕೆ ಇಲ್ಲಿ, ಕಟ್ಟೆಗೆ ಪಂಚಾಯಿತಿಯಲ್ಲಿ’ ಅಂತ ಬರೆಯಿರಿ. ಒಂದೇ ಬಿಲ್ಲನ್ನು ಎರಡು ಕಡೆ ಕೊಟ್ಟರೆ ಮಾತ್ರ ಮುಂದೆ ಯಾರೂ ಹತ್ತಿರ ಸೇರಿಸುವುದಿಲ್ಲ.

ಯಾವಾಗ ಹಾಕುವುದು

ಸರ್ಕಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಕಾಗದಪತ್ರ ಮೇ, ಜೂನ್ ಹೊತ್ತಿಗೆ ಸಿದ್ಧವಿರಲಿ. ಆ ವರ್ಷದ ಪ್ರಕಟಣೆಯಲ್ಲಿ ಮೊತ್ತ, ಕೊನೆಯ ದಿನ ಏನಿದೆಯೋ ಅದನ್ನೇ ನಂಬಿ, ಹೋದ ವರ್ಷದ್ದನ್ನಲ್ಲ. ದಸರಾ ತಿಂಗಳಲ್ಲಿ ಮೈಸೂರಿನ ಕಚೇರಿಗಳಿಗೆ ಸುಮ್ನೆ ಬಸ್ ಚಾರ್ಜ್ ದಂಡ ಮಾಡಿಕೊಂಡು ಹೋಗಬೇಡಿ, ಎಲ್ಲರೂ ಆ ಕೆಲಸದ ಮೇಲೆಯೇ ಇರುತ್ತಾರೆ. ಚುನಾವಣಾ ನೀತಿ ಸಂಹಿತೆ ಬಂದರೆ ಹೊಸ ಮಂಜೂರಾತಿ ನಿಲ್ಲುತ್ತದೆ. ಕಾರ್ಯಕ್ರಮದ ದಿನವನ್ನು ಕಬ್ಬು ಕಡಿಯುವ, ನಾಟಿ ಹಾಕುವ ದಿನಗಳಿಂದ ದೂರ ಇಡಿ, ಇಲ್ಲದಿದ್ದರೆ ವೇದಿಕೆ ತುಂಬಿರುತ್ತದೆ, ಎದುರಿನ ಕುರ್ಚಿ ಖಾಲಿ.

ಆನ್‌ಲೈನ್‌ನಲ್ಲಿ ಹಾಕಿದ್ದರೂ ಒಂದು ಪ್ರತಿಯನ್ನು ಟಪಾಲಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಅರ್ಜಿ ನಂಬರನ್ನು ಒಬ್ಬರ ಮೊಬೈಲ್‌ನಲ್ಲಿ ಮಾತ್ರ ಇಡಬೇಡಿ. ನಮ್ಮಲ್ಲಿ ಹಾಗೆ ಇಟ್ಟವರ ಮೊಬೈಲ್ ನಾಲೆಗೆ ಬಿತ್ತು.

ದುಡ್ಡು ಬಂದ ಮೇಲೆ

ಮಂಜೂರಾತಿ ಆದೇಶವನ್ನು ಕೊನೆಯ ಸಾಲಿನವರೆಗೆ ಓದಿ, ಸಮಿತಿ ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳಿ. ಎಲ್ಲಿ ಖರ್ಚು ಮಾಡಬಾರದು, ಯಾವ ತಾರೀಖಿನೊಳಗೆ ಮುಗಿಸಬೇಕು, ಆಹ್ವಾನ ಪತ್ರಿಕೆಯಲ್ಲಿ ಯಾರ ಹೆಸರು ಹಾಕಬೇಕು, ಎಲ್ಲ ಅದರಲ್ಲಿರುತ್ತದೆ. ಆದೇಶದ ತಾರೀಖಿಗೆ ಮೊದಲು ಮಾಡಿದ ಖರ್ಚಿನ ಬಿಲ್ಲನ್ನು ಅದರಲ್ಲಿ ಸೇರಿಸಬೇಡಿ.

ಹತ್ತು ಸಾವಿರ ದಾಟುವ ಪಾವತಿಯೆಲ್ಲ ಚೆಕ್ ಅಥವಾ ಬ್ಯಾಂಕ್ ಮೂಲಕ ಇರಲಿ. ಐದು ಸಾವಿರ ದಾಟುವ ರಸೀತಿಗೆ ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಹಚ್ಚಿಸಿ. ತಮಟೆಯವರು ಬಿಲ್ ಪುಸ್ತಕ ಇಟ್ಟುಕೊಂಡಿರುವುದಿಲ್ಲ, ಅವರಿಗೆ ವೋಚರ್ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಅಲ್ಲೇ ಹಾಕಿಸಿ. ವೇದಿಕೆ ಇಳಿದು ಹೋದ ಮೇಲೆ ಅವರನ್ನು ಹುಡುಕಿಕೊಂಡು ನಾನು ನಾಲ್ಕು ಊರು ಸುತ್ತಿದ್ದೇನೆ. ಕಾರ್ಯಕ್ರಮದ ದಿನ ಒಬ್ಬರಿಗೆ ಫೋಟೋ, ಇನ್ನೊಬ್ಬರಿಗೆ ಬಿಲ್ಲು, ಬೇರೆ ಯಾವ ಕೆಲಸವನ್ನೂ ಅವರಿಗೆ ಹೇಳಬೇಡಿ.

ಮುಗಿದ ಮೇಲೆ ಸಿಎ ಸಹಿ ಮಾಡಿದ ಖರ್ಚಿನ ಪಟ್ಟಿ, ಹಣಬಳಕೆ ಪ್ರಮಾಣಪತ್ರ, ವರದಿ, ಫೋಟೋ, ಪುಸ್ತಕದ ಪ್ರತಿಗಳು. ಕೇಂದ್ರದ ದುಡ್ಡಿಗೆ ಪ್ರಮಾಣಪತ್ರದ ನಮೂನೆ ಕೇಂದ್ರದ ಹಣಕಾಸು ನಿಯಮಗಳ ಜಿಎಫ್‌ಆರ್ 12–ಎ. ಉಳಿದ ದುಡ್ಡಿದ್ದರೆ ಕೇಳುವ ಮೊದಲೇ ಹಿಂತಿರುಗಿಸಿ. ನಮ್ಮದು 640 ರೂಪಾಯಿ ಉಳಿದಿತ್ತು. ‘ಇಷ್ಟಕ್ಕೆಲ್ಲ ಯಾಕೆ, ಟೀ ಕುಡೀರಿ’ ಅಂದರು ಅಧ್ಯಕ್ಷರು. ನಾನು ಒಪ್ಪಲಿಲ್ಲ, ಡಿಡಿ ತೆಗೆಸಿ ಕಳಿಸಿದೆ. ಮುಂದಿನ ವರ್ಷ ಎರಡನೇ ಕಿರುಪುಸ್ತಕದ ಅರ್ಜಿ ಹಿಡಿದು ಹೋದಾಗ ಆ ಮೇಜಿನವರು ನಮ್ಮ ಹಳೇ ಕಡತ ತೆಗೆದು, ಡಿಡಿಯ ಜೆರಾಕ್ಸ್ ಇದ್ದ ಪುಟಕ್ಕೇ ಮೊದಲು ಬಂದರು.